ಎರಡೂವರೆ ಮೀಟರಿಗೆ ಟೇಪ್ ಸುತ್ತಿದ ಲೆನ್ಸ್: ನನ್ನ ಅನುಭವ

ಆಟೋಫೋಕಸ್ ಆಫ್ ಮಾಡಿ, ಫೋಕಸ್ ರಿಂಗನ್ನು ಎರಡೂವರೆ ಮೀಟರಿಗೆ ತಿರುಗಿಸಿ, ಮೇಲೆ ಟೇಪ್ ಸುತ್ತಿಕೊಂಡು ಜನರ ಫೋಟೊ ತೆಗೆಯುತ್ತೇನೆ ಅಂದಾಗ ನಗದವರಿಲ್ಲ. ಕಣ್ಣನ್ನೇ ಹುಡುಕಿ ಹಿಡಿಯುವ ಕ್ಯಾಮೆರಾ ಇಟ್ಟುಕೊಂಡು ಯಾಕೆ ಈ ಹಟ ಅನ್ನುವುದು ಅವರ ವಾದ. ಈಗ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹೊಸಬರಿಗೆ ಮೂರು ಮಾತು: ಎಫ್ ಸಂಖ್ಯೆ ಲೆನ್ಸಿನ ತೆರವಿನ ಅಳತೆ, ಅದು ದೊಡ್ಡದಾದಷ್ಟು ತೆರವು ಕಿರಿದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟಾಗುವುದು ಇಲ್ಲವೇ ಅರ್ಧವಾಗುವುದು.

ಸೆಟ್ಟಿಂಗ್ ಇಷ್ಟೇ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿನ ಬಾಡಿ, 23 ಮಿ.ಮೀ. ಲೆನ್ಸ್, ಎಫ್ 8, ಶಟರ್ 1/500 ಸೆಕೆಂಡ್, ಐಎಸ್‌ಒ ಆಟೋ, ಅದರ ಮೇಲ್ಮಿತಿ 6400. ಫೋಕಸ್ 2.5 ಮೀಟರ್. ಹೀಗಿಟ್ಟರೆ ಸುಮಾರು 1.4 ಮೀಟರಿನಿಂದ 10 ಮೀಟರಿನವರೆಗೆ ಎಲ್ಲವೂ ಸ್ಪಷ್ಟ ಅನ್ನುತ್ತದೆ ಫೋಕಸ್ ಆಳದ (ಡೆಪ್ತ್ ಆಫ್ ಫೀಲ್ಡ್) ಕೋಷ್ಟಕ. ಅದನ್ನು ಪೂರ್ತಿ ನಂಬಬೇಡಿ. ಆ ಲೆಕ್ಕ ಹಾಕಿದ್ದು ಸಾಧಾರಣ ಗಾತ್ರದ ಪ್ರಿಂಟ್ ನೋಡುವವರಿಗೆ. 24 ಮೆಗಾಪಿಕ್ಸೆಲ್ ಫೈಲನ್ನು ಪರದೆ ಮೇಲೆ ಪೂರ್ತಿ ಹಿಗ್ಗಿಸಿದರೆ ಎರಡೂ ತುದಿಗಳು ಮೆತ್ತಗೆ ಕಾಣುತ್ತವೆ. ಕ್ಯಾಮೆರಾದಲ್ಲಿ ಎಫ್ 8 ಇಟ್ಟು, ಕೋಷ್ಟಕದಲ್ಲಿ ಎಫ್ 5.6ರ ಸಾಲು ಓದಿ. 1.6ರಿಂದ 5.3 ಮೀಟರ್ ಬರುತ್ತದೆ. ನಾನು ನೆಚ್ಚುವುದು ಅಷ್ಟನ್ನು ಮಾತ್ರ. ಫುಲ್‌ಫ್ರೇಮ್‌ನಲ್ಲಿ, ಅಂದರೆ ಅದಕ್ಕಿಂತ ದೊಡ್ಡ ಸೆನ್ಸರಿನಲ್ಲಿ, ಅಷ್ಟೇ ನೋಟ ಕೊಡುವ 35 ಮಿ.ಮೀ. ಹಾಕಿ ಹೀಗೇ ಬಿಗಿಯಾಗಿ ಓದಿದರೆ ಸಿಗುವುದು 1.9ರಿಂದ 3.8 ಮೀಟರ್, ಹಾಗಾಗಿ ಅಲ್ಲಿ ಎಫ್ 11 ಬೇಕು. ಜನರ ಫೋಟೊಗೆ ದೊಡ್ಡ ಸೆನ್ಸರೇ ಆಗಬೇಕು ಅನ್ನುವವರು ಈ ಸಾಲನ್ನು ಎರಡು ಸಲ ಓದಲಿ.

ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ತಿಯೇ-ಬ್ರೆಸಾಂ ಹೆಚ್ಚಿನ ಕೆಲಸ ಮಾಡಿದ್ದು 50 ಮಿ.ಮೀ.ನಲ್ಲಿ, ನೀವೂ ಅದನ್ನೇ ಹಿಡಿಯಿರಿ ಅಂತ ಹೇಳುವವರು ಬಹಳ. ಆತನ ಕಣ್ಣು, ಕೈ ಬೇರೆ. ಫುಲ್‌ಫ್ರೇಮ್‌ನಲ್ಲಿ 50 ಮಿ.ಮೀ., ಎಫ್ 8, 2.5 ಮೀಟರ್ ಅಂದರೆ ಕೋಷ್ಟಕದ ಉದಾರ ಲೆಕ್ಕದಲ್ಲೇ 2ರಿಂದ 3.3 ಮೀಟರ್. ಎದುರಿಗೆ ಬರುತ್ತಿರುವವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಆ ಜಾಗ ಮುಗಿದಿರುತ್ತದೆ. ಕಲಿಯುವವರಿಗೆ ಅದು ಆಗದ ಮಾತು.

ದೂರ ಅಂದಾಜು ಮಾಡುವುದೇ ಈ ವಿಧಾನದ ಅರ್ಧ ಪಾಠ. ಅದಕ್ಕೆ ಅಳತೆ ಟೇಪು, ಹೆಜ್ಜೆ ಎಣಿಕೆ ಯಾವುದೂ ಬೇಡ, ಫ್ರೇಮೇ ಅಳತೆಗೋಲು. ಕ್ಯಾಮೆರಾ ಅಡ್ಡ ಹಿಡಿದಾಗ, ಎಪಿಎಸ್-ಸಿಯ 23, ಫುಲ್‌ಫ್ರೇಮಿನ 35 ಎರಡೂ ಲೆನ್ಸ್‌ಗಳಲ್ಲಿ, 2.5 ಮೀಟರ್ ದೂರದಲ್ಲಿ ಫ್ರೇಮಿನ ಎತ್ತರ ಸುಮಾರು 1.7 ಮೀಟರ್. ಅಂದರೆ ನಿಂತಿರುವ ಮನುಷ್ಯ ತಲೆಯಿಂದ ಪಾದದವರೆಗೆ ಕಚ್ಚಿ ಕೂರುತ್ತಾನೆ. ತೊಡೆಯ ಮಧ್ಯಕ್ಕೆ ಕತ್ತರಿಸಿದರೆ ಒಂದೂವರೆ ಮೀಟರಿಗೆ ಬಂದಿದ್ದೀರಿ ಅಂತ ಅರ್ಥ, ಇನ್ನು ಹತ್ತಿರ ಹೋಗುವಂತಿಲ್ಲ. ತಲೆ ಮೇಲೂ ಕಾಲ ಕೆಳಗೂ ಸೇರಿ ಒಂದು ಮೀಟರ್ ಖಾಲಿ ಕಂಡರೆ ನಾಲ್ಕು ಮೀಟರ್. ಮಕ್ಕಳ ವಿಷಯದಲ್ಲಿ ಇದು ಕೈಕೊಡುತ್ತದೆ, ಪಕ್ಕದಲ್ಲಿ ದೊಡ್ಡವರು ಯಾರಾದರೂ ಇದ್ದರೆ ಅವರನ್ನು ನೋಡಿ ಅಳೆಯಿರಿ.

ಈಗ ಟೇಪಿನ ಕಥೆ. ಹೊಸ ಲೆನ್ಸ್‌ಗಳಲ್ಲಿ ಬಹುಪಾಲಿನವಕ್ಕೆ ಫೋಕಸ್ ರಿಂಗಿಗೂ ಗಾಜಿಗೂ ನೇರ ಸಂಬಂಧವೇ ಇಲ್ಲ. ರಿಂಗ್ ತಿರುಗಿದರೆ ಮೋಟಾರಿಗೆ ಸೂಚನೆ ಹೋಗುತ್ತದೆ, ಅಷ್ಟೇ. ಇಂಥ ಕೆಲವು ಲೆನ್ಸ್‌ಗಳು ಕ್ಯಾಮೆರಾ ನಿದ್ದೆಗೆ ಜಾರಿ ಎದ್ದಾಗ ಹಿಂದಿನ ದೂರ ಮರೆತುಬಿಡುತ್ತವೆ. ಟೇಪ್ ಹಾಗೇ ಇರುತ್ತದೆ, ಫೋಕಸ್ ಮಾತ್ರ ಇನ್ನೆಲ್ಲೋ. ಪರದೆ ಚಿಕ್ಕದಾದ್ದರಿಂದ ಆಗ ಗೊತ್ತಾಗುವುದಿಲ್ಲ, ಮನೆಗೆ ಬಂದು ನೋಡಿದರೆ ಹಿಂದಿನ ಗೋಡೆ ಚೂಪು, ಮುಖ ಮಸುಕು. ಮೆನುವಿನಲ್ಲಿ ಫೋಕಸ್ ಸ್ಥಾನ ನೆನಪಿಡುವ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ನಿದ್ದೆಯ ಸಮಯವನ್ನು ಐದು ನಿಮಿಷಕ್ಕೇರಿಸಿ, ಹೆಚ್ಚುವರಿ ಬ್ಯಾಟರಿ ಜೇಬಿನಲ್ಲಿಡಿ. ಸುಲಭದ ದಾರಿ ಎಂದರೆ ದೂರದ ಗುರುತು ಕೊರೆದಿರುವ ಹಳೆಯ ಮೆಕ್ಯಾನಿಕಲ್ ಲೆನ್ಸ್. ಅಂಟು ಉಳಿಯದ, ಬಟ್ಟೆಯ ಗ್ಯಾಫರ್ ಟೇಪನ್ನೇ ಬಳಸಿ. ಸೆಲ್ಲೋಟೇಪ್ ಬಿಸಿಲಿಗೆ ಕರಗಿ ರಿಂಗಿನ ಗೀರುಗಳೊಳಗೆ ಇಳಿದರೆ ತೆಗೆಯುವುದು ಕಷ್ಟ.

ಹಣ ಹಾಳಾಗುವುದು ಎಲ್ಲಿ? ಮೊದಲನೆಯದು 70-200 ಎಫ್ 2.8 ಝೂಮ್. ಅದರ ಬೆಲೆಗೆ ಸೆಕೆಂಡ್ ಹ್ಯಾಂಡ್ ಬಾಡಿ, 23 ಮಿ.ಮೀ. ಲೆನ್ಸ್, ಎರಡು ಬ್ಯಾಟರಿ, ಕಾರ್ಡು ಎಲ್ಲ ಬಂದು ಇನ್ನೂ ಕೈಯಲ್ಲಿ ಉಳಿಯುತ್ತದೆ. ತೂಕ ಒಂದರಿಂದ ಒಂದೂವರೆ ಕಿಲೋ. ದೂರದಿಂದಲೇ ಮುಖ ಮಾತ್ರ ಕಿತ್ತು ತರುತ್ತದೆ. ಆ ಮನುಷ್ಯ ಎಲ್ಲಿದ್ದಾನೆ, ಕೈಯಲ್ಲಿ ಏನಿದೆ, ಪಕ್ಕದಲ್ಲಿ ಯಾರು, ಒಂದೂ ಇರುವುದಿಲ್ಲ. ದಿನನಿತ್ಯದ ಬದುಕು ಅಂದರೆ ಆ ಉಳಿದದ್ದೇ ತಾನೆ? ಎರಡನೆಯದು ತೀರಾ ಅಗಲವಾಗಿ ತೆರೆಯುವ ಎಫ್ 1.4 ಲೆನ್ಸಿನ ಹುಚ್ಚು. 35 ಮಿ.ಮೀ. ಲೆನ್ಸನ್ನು ಎಪಿಎಸ್-ಸಿಯಲ್ಲಿ ಬರೀ ಎಫ್ 2ಕ್ಕೆ ತೆರೆದು ಒಂದೂವರೆ ಮೀಟರಿನಿಂದ ತೆಗೆದರೂ ಸ್ಪಷ್ಟವಾಗಿ ಸಿಗುವ ಆಳ ಗೇಣಿಗಿಂತ ಕಡಿಮೆ. ಒಬ್ಬರ ಮುಖಕ್ಕೆ ಸಾಕು, ಇಬ್ಬರು ಮಾತಾಡುತ್ತಿದ್ದರೆ ಒಬ್ಬರು ಮಂಜು. ಎಫ್ 2ರ ಲೆನ್ಸ್ ಧಾರಾಳ ಸಾಕು.

ಆಟೋಫೋಕಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಕೂತಿದ್ದರೆ ಅದನ್ನೇ ಬಳಸುತ್ತೇನೆ. ಆದರೆ ನಾಲ್ಕು ಜನ ಅಡ್ಡಾಡುವ ಕಡೆ ಅದು ಮುಖದಿಂದ ಮುಖಕ್ಕೆ ಹಾರುತ್ತದೆ, ಕೈ ಮುಖದ ಮುಂದೆ ಬಂದರೆ ಕೈಗೆ ಕೂರುತ್ತದೆ, ಕನ್ನಡಕದ ಹೊಳಪಿಗೆ ತಬ್ಬಿಬ್ಬಾಗುತ್ತದೆ. ಟೇಪಿಗೆ ಈ ಯಾವ ಗೊಂದಲವೂ ಇಲ್ಲ. ಈಗ ನನ್ನ ಫೈಲುಗಳಲ್ಲಿ ನೂರಕ್ಕೆ ತೊಂಬತ್ತು ಫೋಕಸ್‌ನಲ್ಲಿರುತ್ತವೆ. ಅದರಲ್ಲಿ ಇಟ್ಟುಕೊಳ್ಳುವಂಥವು ಎರಡೋ ಮೂರೋ, ಅದು ಬೇರೆ ವಿಚಾರ.

ಬೆಳಕಿನ ಲೆಕ್ಕ: ಎಫ್ 8, 1/500ಕ್ಕೆ ನೇರ ಬಿಸಿಲಿನಲ್ಲಿ ಐಎಸ್‌ಒ 100, ತೆರೆದ ನೆರಳಿನಲ್ಲಿ 800, ಸೂರ್ಯ ಮುಳುಗಿದ ಬೆನ್ನಿಗೆ 6400. ನಿಮ್ಮ ಬಾಡಿ ಐಎಸ್‌ಒ 200ರಿಂದ ಶುರುವಾಗುವುದಾದರೆ ಬಿಸಿಲಿಗೆ ಶಟರನ್ನು 1/1000ಕ್ಕೆ ಏರಿಸಲೇಬೇಕು, ಇಲ್ಲದಿದ್ದರೆ ಬಿಳಿ ಬಟ್ಟೆ ಸುಟ್ಟುಹೋಗುತ್ತದೆ. 6400 ಮುಟ್ಟಿದ ಮೇಲೆ ಮೊದಲು ಶಟರ್ 1/250ಕ್ಕೆ ಇಳಿಸಿ, ಆಮೇಲೆ ಎಫ್ 5.6. ಅದಕ್ಕೂ ಸಾಲದಿದ್ದರೆ ಟೇಪ್ ಕಿತ್ತುಬಿಡಿ. 1/250ರಲ್ಲಿ ಅಡ್ಡ ನಡೆಯುವವರ ಮುಖ ನಿಲ್ಲುತ್ತದೆ, ಬೀಸುವ ಪಾದ ನಿಲ್ಲುವುದಿಲ್ಲ. ಸ್ಟೆಬಿಲೈಸೇಶನ್ ನಿಮ್ಮ ಕೈನಡುಕ ತಡೆಯುತ್ತದೆ, ಅವರ ನಡಿಗೆಯನ್ನಲ್ಲ.

ಎಕ್ಸ್‌ಪೋಷರಿಗೆ, ಅಂದರೆ ಎಷ್ಟು ಬೆಳಕು ಕೊಡಬೇಕು ಅನ್ನುವುದಕ್ಕೆ, ಅಂಗೈ ನೋಡಿ. ಬಿಳಿ ಗೋಡೆ ಮುಂದೆ ಕಪ್ಪು ಮುಖವಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಗೋಡೆಗೆ ಮರುಳಾಗಿ ಮುಖವನ್ನು ಮಸಿ ಮಾಡುತ್ತದೆ. ಅದೇ ಬೆಳಕಿಗೆ ನಿಮ್ಮ ಅಂಗೈ ಒಡ್ಡಿ, ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ನೋಡುವ ಸ್ಪಾಟ್ ಮೀಟರಿಂದ ಅಳೆದು, ಒಂದು ಸ್ಟಾಪ್ ಹೆಚ್ಚು ಕೊಟ್ಟು ಲಾಕ್ ಮಾಡಿ. ಮುಖದ ಬಣ್ಣ ಜನರಿಂದ ಜನರಿಗೆ ಬದಲಾಗುವಷ್ಟು ಅಂಗೈ ಬದಲಾಗುವುದಿಲ್ಲ.

ಮನೆಯೊಳಗೆ ಈ ಎಲ್ಲ ಲೆಕ್ಕ ಬಿದ್ದುಹೋಗುತ್ತದೆ. ಅಲ್ಲಿ ಎಫ್ 2.8, 1/125, ಐಎಸ್‌ಒ 3200, ಜೊತೆಗೆ ಆಟೋಫೋಕಸ್. ಎಲ್‌ಇಡಿ ದೀಪದಡಿ ಪಟ್ಟೆ ಮೂಡಿದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. 50 ಹರ್ಟ್ಸ್ ವಿದ್ಯುತ್ತಿದ್ದಲ್ಲಿ 1/100 ಅಥವಾ 1/50, 60 ಹರ್ಟ್ಸ್ ಇದ್ದಲ್ಲಿ 1/120 ಅಥವಾ 1/60 ಇಡಿ. ಹಗಲಿನಲ್ಲಿ ಕಿಟಕಿ ಬೆಳಕು ಸಿಕ್ಕರೆ ದೀಪ ಆರಿಸಿಬಿಡಿ. ಎರಡು ಬಣ್ಣದ ಬೆಳಕು ಒಂದೇ ಕೆನ್ನೆ ಮೇಲೆ ಬಿದ್ದರೆ ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನಿಂದ ಸರಿಹೋಗುವುದಿಲ್ಲ.

ಜನರ ಹಿಂದೆ ಓಡಬೇಡಿ, ಹಿನ್ನೆಲೆಯನ್ನು ಮೊದಲು ಆರಿಸಿ. ಪಕ್ಕದಿಂದ ಬೆಳಕು ಬೀಳುವ ಜಾಗ, ಹಿಂದೆ ಕಂಬ, ಬೋರ್ಡು ಇರಬಾರದು. ಅಲ್ಲಿಂದ ಎರಡೂವರೆ ಮೀಟರ್ ಬಿಟ್ಟು ನಿಂತು, ಪರದೆಯನ್ನು ಮೇಲಕ್ಕೆ ಓರೆ ಮಾಡಿ ಕ್ಯಾಮೆರಾ ಎದೆ ಮಟ್ಟಕ್ಕೆ ಹಿಡಿಯಿರಿ. ಸೊಂಟದ ಮಟ್ಟಕ್ಕೆ ಇಳಿಸಿದರೆ ಗದ್ದ, ಮೂಗಿನ ಹೊಳ್ಳೆಗಳೇ ಫೋಟೊ ತುಂಬ. ಮುಖಗಳನ್ನು ಫ್ರೇಮಿನ ನಡುವಿನ ಮೂರನೇ ಎರಡು ಭಾಗದಲ್ಲೇ ಇಟ್ಟುಕೊಳ್ಳಿ, ಅಂಚಿಗೆ ಹೋದ ತಲೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ನಡೆಯುವವರು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾರೆ, ಕಾಲುಗಳು ಕತ್ತರಿಯಂತೆ ಅಗಲವಾಗುವುದು ಹಿಮ್ಮಡಿ ನೆಲ ಮುಟ್ಟುವ ಕ್ಷಣ. ಹಿಂದಿನ ಹೆಜ್ಜೆಯ ತಾಳ ಹಿಡಿದು ಒಂದೇ ಸಲ ಒತ್ತಿದರೆ ಅದು ಸಿಗುತ್ತದೆ, ಒಂದರ ಹಿಂದೊಂದು ತೆಗೆಯುವ ಬರ್ಸ್ಟ್ ಹಾಕಿದರೆ ಕಾರ್ಡು ತುಂಬುತ್ತದೆ. ಅಷ್ಟು ಹತ್ತಿರ ನಿಂತೂ ಜನ ನನ್ನತ್ತ ನೋಡದ ಹಾಗೆ ಮಾಡುವ ಒಂದು ಕಿಟುಕು ಇದೆ, ಅದು ನನ್ನ ಬಳಿಯೇ ಇರಲಿ. ಬೇಡ ಅಂದವರ ಫೋಟೊವನ್ನು ಅವರೆದುರೇ ಅಳಿಸಿ. ಮಕ್ಕಳದ್ದಾದರೆ ಹೆತ್ತವರನ್ನು ಮೊದಲೇ ಕೇಳಿ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಉಳಿದದ್ದು ಒಂದೇ: ಪರದೆಯನ್ನು ಕಪ್ಪುಬಿಳುಪಿಗೆ ಹಾಕಿ, ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲ್ ಉಳಿಸುವುದು. ಬಣ್ಣ ಫೈಲಿನೊಳಗೆ ಹಾಗೇ ಇರುತ್ತದೆ, ಕಣ್ಣಿಗೆ ಬೆಳಕು, ಆಕಾರ ಮಾತ್ರ ಕಾಣುತ್ತದೆ. 1/15ರಲ್ಲಿ ಸೈಕಲ್ ಸವಾರರ ಜೊತೆ ಕ್ಯಾಮೆರಾ ತಿರುಗಿಸುವ ಆಟ ಚೆಂದ, ಇಪ್ಪತ್ತಕ್ಕೆ ಒಂದು ಗಿಟ್ಟಿದರೆ ಪುಣ್ಯ. ಫಿಲ್ಮ್ ಬಿಟ್ಟೆ. ರೋಲು, ಡೆವಲಪಿಂಗ್, ಸ್ಕ್ಯಾನಿಂಗ್ ಮೂರೂ ಸೇರಿ ಕೆಲವೇ ತಿಂಗಳಲ್ಲಿ ಲೆನ್ಸಿನ ಹಣ ನುಂಗುತ್ತವೆ.

ಉಳಿದ ಹಣವನ್ನು ಪ್ರಿಂಟಿಗೆ ಹಾಕಿ. ಫೋಟೊದಲ್ಲಿದ್ದವರಿಗೆ 4×6 ಇಂಚಿನ ಒಂದು ಪ್ರತಿ ತಲುಪಿಸಿದರೆ ಮುಂದಿನ ಸಲ ಅವರೇ ಕರೆಯುತ್ತಾರೆ. ಫ್ರೇಮಿನ ಅನುಪಾತವೂ ಅದೇ ಆದ್ದರಿಂದ ಏನೂ ಕತ್ತರಿಸಿಹೋಗುವುದಿಲ್ಲ. ಪ್ರಿಂಟ್ ಕಪ್ಪಾಗಿ ಬಂತು ಅಂತ ಲ್ಯಾಬಿನವರ ಮೇಲೆ ಹರಿಹಾಯುವ ಮೊದಲು ಪರದೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಎಡಿಟ್ ಮಾಡಿ. ಮುಖ ಆಗಲೂ ಮಬ್ಬಾಗಿ ಬಂದರೆ ನಡು ಛಾಯೆಯನ್ನು ಮೂರನೇ ಒಂದು ಸ್ಟಾಪ್‌ನಷ್ಟು ಎತ್ತಿ, ಹೈಲೈಟನ್ನು, ಅಂದರೆ ತೀರಾ ಬೆಳಕಿರುವ ಭಾಗವನ್ನು, ಮುಟ್ಟದೆ ಮತ್ತೆ ಕಳಿಸಿ.