ಕಣಜ ಗೂಡು ಕಟ್ಟುವ ಮೊದಲೇ ತಡೆಯುವುದು ಹೇಗೆ?

ಕಣಜದ ಹುಳುಗಳ ಕಾಟಕ್ಕೆ ಹೆಚ್ಚಿನವರು ಉಪಾಯ ಹುಡುಕಲು ಹೊರಡುವುದು ಗೂಡು ಅಂಗೈಯಗಲ ಬೆಳೆದು, ಮನೆಯಲ್ಲಿ ಯಾರಿಗಾದರೂ ಕಚ್ಚಿದ ಮೇಲೆಯೇ. ಅಷ್ಟರಲ್ಲಿ ಕೆಲಸ ಅಪಾಯದ್ದಾಗಿರುತ್ತದೆ. ಆದರೆ ಗೂಡನ್ನು ಆರಂಭಿಸುವುದು ಸಾಮಾನ್ಯವಾಗಿ ಒಂದು ಅಥವಾ ಕೆಲವೇ ಹೆಣ್ಣು ಹುಳುಗಳು. ಮೊದಲ ದಿನಗಳಲ್ಲಿ ಅದು ಸಣ್ಣ ತೊಟ್ಟಿನಿಂದ ನೇತಾಡುವ, ಬೆರಳೆಣಿಕೆಯ ಕೋಶಗಳಿರುವ ಬೂದುಬಣ್ಣದ ತುಣುಕಷ್ಟೇ. ಕಾಯಲು ದಂಡು ಇಲ್ಲದ ಆ ಹಂತದಲ್ಲಿ ಅದನ್ನು ಕಂಡುಹಿಡಿದವರಿಗೆ ಮುಂದಿನ ತಾಪತ್ರಯದ ಬಹುಪಾಲು ಇರುವುದಿಲ್ಲ.

ಹುಳು ಯಾವುದೆಂದು ಮೊದಲು ನೋಡಿ

ಮೈತುಂಬ ನವಿರಾದ ರೋಮವಿದ್ದರೆ ಅದು ಬಹುಶಃ ಜೇನುನೊಣ. ಅದನ್ನು ಕೊಲ್ಲದೆ ಜೇನು ಸಾಕುವವರನ್ನು ಕರೆಯುವುದು ಸರಿ. ನುಣುಪಾದ ಮೈ, ತೆಳ್ಳಗಿನ ನಡು ಇದ್ದರೆ ಕಣಜ. ಅದರಲ್ಲಿಯೂ ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕುಂಬಾರ ಹುಳುವಿಗೆ ಹೆದರಬೇಕಾಗಿಲ್ಲ. ಅದು ಒಂಟಿಯಾಗಿ ಬದುಕುತ್ತದೆ, ಗೂಡನ್ನು ಕಾಯಲು ಮೈಮೇಲೆ ಬೀಳುವುದಿಲ್ಲ, ಮರಿಗಳಿಗೆಂದು ಜೇಡಗಳನ್ನೋ ಕಂಬಳಿಹುಳುಗಳನ್ನೋ ತಂದು ತುಂಬುತ್ತದೆ. ತೊಂದರೆ ಕೊಡುವುದು ಮರದ ನಾರನ್ನು ಕೆರೆದು, ಜೊಲ್ಲಿನಲ್ಲಿ ಅಗಿದು, ಕಾಗದದಂಥ ಗೂಡು ಕಟ್ಟುವ ಮತ್ತು ನೆಲದ ಬಿಲಗಳಲ್ಲಿ ಗುಂಪಾಗಿ ಬದುಕುವ ಜಾತಿಗಳು. ಇವು ಕೂಡ ಮರಿಗಳಿಗಾಗಿ ಗಿಡ ತಿನ್ನುವ ಹುಳುಗಳನ್ನು ಬೇಟೆಯಾಡುವುದರಿಂದ, ಯಾರೂ ಓಡಾಡದ ತೋಟದ ಮೂಲೆಯ ಗೂಡನ್ನು ಹಾಗೆಯೇ ಬಿಡುವುದು ನನ್ನ ಮಟ್ಟಿಗೆ ಜಾಣತನ.

ವಾರಕ್ಕೊಮ್ಮೆ ಸುತ್ತು

ಚಳಿ ಪ್ರದೇಶಗಳಲ್ಲಿ ವಸಂತದ ಆರಂಭದಿಂದ, ಬೆಚ್ಚನೆಯ ಪ್ರದೇಶಗಳಲ್ಲಿ ವರ್ಷದ ಯಾವ ಕಾಲದಲ್ಲಾದರೂ ಗೂಡು ಶುರುವಾಗಬಹುದು. ಆದ್ದರಿಂದ ವಾರಕ್ಕೊಮ್ಮೆ ಸೂರಿನ ಅಡಿಭಾಗ, ಕಿಟಕಿಯ ಸಜ್ಜ, ಬಾಲ್ಕನಿ ಕಂಬಿಯ ಟೊಳ್ಳು ಕೊಳವೆ, ವಿದ್ಯುತ್ ಮೀಟರಿನ ಪೆಟ್ಟಿಗೆ, ಏಸಿಯ ಹೊರಘಟಕ, ಬೋರಲು ಹಾಕಿದ ಹೂಕುಂಡ, ದಟ್ಟ ಪೊದೆ ಇವುಗಳನ್ನು ದೂರದಿಂದಲೇ ನೋಡಿಕೊಂಡು ಬನ್ನಿ. ಆಗಷ್ಟೇ ಆರಂಭವಾದ ಗೂಡು ಕಂಡರೆ, ಅದರ ಮೇಲೆ ಹುಳು ಇಲ್ಲದ ವೇಳೆಯಲ್ಲಿ ಉದ್ದನೆಯ ಕೋಲಿನಿಂದ ಕೆಡವಿ, ತೊಟ್ಟು ಅಂಟಿದ್ದ ಜಾಗವನ್ನು ಸಾಬೂನು ನೀರಿನಿಂದ ಉಜ್ಜಿ. ಹುಳು ಹಟ ಹಿಡಿದು ಅಲ್ಲಿಗೇ ಮರಳುವುದುಂಟು. ಹಾಗಾದರೆ ಮತ್ತೆ ಕೆಡವಬೇಕು.

ಗೋಡೆಯ ಬಿರುಕು ಮತ್ತು ಕೊಳವೆ ಹಾಯುವ ಸಂದುಗಳನ್ನು ಮುಚ್ಚಿ, ಗಾಳಿ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಬಡಿಯಿರಿ. ಆದರೆ ಹುಳುಗಳು ಈಗಾಗಲೇ ಹೋಗಿ ಬಂದು ಮಾಡುತ್ತಿರುವ ರಂಧ್ರವನ್ನು ಮಾತ್ರ ಎಂದಿಗೂ ಮುಚ್ಚಬಾರದು, ಏಕೆಂದರೆ ಒಳಗೆ ಸಿಕ್ಕಿಕೊಂಡ ಕಣಜಗಳು ದಾರಿ ಕೊರೆದುಕೊಂಡು ಮನೆಯೊಳಗೇ ಹೊರಬೀಳುವ ಸಂಭವವಿದೆ. ಬಣ್ಣವಿಲ್ಲದೆ ಬಿಸಿಲು ಮಳೆಗೆ ಒಡ್ಡಿಕೊಂಡ ಮರದ ಬೇಲಿ, ಬಾಗಿಲುಗಳಿಂದಲೂ ಅವು ನಾರು ಕೆರೆಯುತ್ತವೆ. ಅವುಗಳಿಗೆ ಬಣ್ಣವನ್ನೋ ವಾರ್ನಿಷನ್ನೋ ಬಳಿಯಿರಿ.

ಊಟ, ನೀರು ಸಿಗದಂತೆ

ಕಸದ ಬುಟ್ಟಿಗೆ ಬಿಗಿಯಾದ ಮುಚ್ಚಳವಿರಲಿ. ಮರದಡಿ ಬಿದ್ದ ಹಣ್ಣನ್ನು ಆಯ್ದು ತೆಗೆಯಿರಿ, ಸಾಕುಪ್ರಾಣಿಗಳ ತಟ್ಟೆಯನ್ನು ಹೊರಗೆ ಬಿಡಬೇಡಿ, ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಿ. ಗಿಡಹೇನುಗಳು ಒಸರುವ ಸಿಹಿ ಅಂಟಿಗೂ ಕಣಜಗಳು ಮುತ್ತುವುದರಿಂದ ಎಲೆಗಳ ಅಡಿಭಾಗವನ್ನು ನೀರು ಚಿಮ್ಮಿಸಿ ತೊಳೆಯುವುದು ಒಳ್ಳೆಯದು. ಹೊರಗೆ ಕುಳಿತು ಸಿಹಿ ಪಾನೀಯ ಕುಡಿಯುವಾಗ ತೆರೆದ ಡಬ್ಬಿಗೆ ನೇರವಾಗಿ ಬಾಯಿ ಹಚ್ಚಬೇಡಿ. ಬಾಯಿ ಅಥವಾ ಗಂಟಲಿನೊಳಗೆ ಕಚ್ಚಿದರೆ ಬಾವಿನಿಂದ ಉಸಿರಾಟವೇ ಕಟ್ಟಬಹುದು.

ಪುದೀನ ಎಣ್ಣೆಯಂಥ ಘಾಟು ವಾಸನೆಗಳು ಬೇಗ ಆರಿಹೋಗುತ್ತವೆ. ತೂಗುಹಾಕುವ ನಕಲಿ ಗೂಡುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಸಿಹಿ ನೀರಿನ ಬಲೆಡಬ್ಬಿ ಇಡುವುದಾದರೆ ಜನ ಕೂರುವ ಜಾಗದಿಂದ ದೂರವಿರಲಿ, ಇಲ್ಲದಿದ್ದರೆ ಅದೇ ಹುಳುಗಳನ್ನು ಪಕ್ಕಕ್ಕೆ ಕರೆದಂತಾಗುತ್ತದೆ. ಜೇನುನೊಣಗಳೂ ಅದರಲ್ಲಿ ಬಿದ್ದು ಸಾಯುತ್ತವೆ.

ಗೂಡು ದೊಡ್ಡದಾಗಿದ್ದರೆ

ದೊಡ್ಡ ಗೂಡನ್ನು, ಅದರಲ್ಲಿಯೂ ಗೋಡೆಯೊಳಗೆ, ನೆಲದಡಿ ಅಥವಾ ಏಣಿ ಬೇಕಾಗುವಷ್ಟು ಎತ್ತರದಲ್ಲಿರುವುದನ್ನು, ಕೀಟ ನಿಯಂತ್ರಣದ ಅನುಭವಿಗಳಿಗೇ ಬಿಡಬೇಕು. ಕಲ್ಲು ಹೊಡೆಯುವುದು, ಪೆಟ್ರೋಲ್ ಸುರಿಯುವುದು, ಬೆಂಕಿ ಹಚ್ಚುವುದು ಹುಳುವಿಗಿಂತ ಮನೆಗೇ ಹೆಚ್ಚು ಅಪಾಯ. ಗೂಡು ಅಲುಗಿದೊಡನೆ ಅನೇಕ ಜಾತಿಯ ಕಣಜಗಳು ಸೂಸುವ ಎಚ್ಚರಿಕೆಯ ವಾಸನೆಗೆ ಉಳಿದವೂ ಎದ್ದು ಬರುತ್ತವೆ. ಅವುಗಳ ಕೊಂಡಿ ಜೇನುನೊಣದ ಕೊಂಡಿಯಂತೆ ಸಾಮಾನ್ಯವಾಗಿ ಚರ್ಮದಲ್ಲಿ ಉಳಿಯುವುದಿಲ್ಲವಾದ್ದರಿಂದ ಒಂದೇ ಹುಳು ಹಲವು ಬಾರಿ ಕಚ್ಚಬಲ್ಲದು. ಒಂದೆರಡು ಹುಳು ಸುತ್ತುತ್ತಿದ್ದರೆ ಕೈ ಬೀಸದೆ ನಿಧಾನವಾಗಿ ಸರಿಯಿರಿ. ಗುಂಪು ಬೆನ್ನಟ್ಟಿದರೆ ಮುಖ ಮುಚ್ಚಿಕೊಂಡು ಓಡಿ, ಮನೆಯನ್ನೋ ವಾಹನವನ್ನೋ ಹೊಕ್ಕು ಬಾಗಿಲು ಹಾಕಿಕೊಳ್ಳಿ.

ಕಚ್ಚಿದ ಜಾಗವನ್ನು ಸಾಬೂನು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಿ. ಕೈಗೆ ಕಚ್ಚಿದ್ದರೆ ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ತುಟಿ, ನಾಲಿಗೆ ಊದಿಕೊಳ್ಳುವುದು, ಉಸಿರು ಕಟ್ಟುವುದು, ಮೈಯೆಲ್ಲ ದದ್ದು, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ, ಅನೇಕ ಕಡೆ ಕಚ್ಚಿದ್ದರೂ, ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ತೀವ್ರ ಅಲರ್ಜಿಗೆ ಮೊದಲು ಕೊಡುವ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಹಿಂದೊಮ್ಮೆ ಇಂಥ ಅಲರ್ಜಿಯಾಗಿದ್ದವರು ವೈದ್ಯರ ಸಲಹೆಯಂತೆ ಅದನ್ನು ಜೊತೆಗಿಟ್ಟುಕೊಳ್ಳಬೇಕು ಮತ್ತು ಗೂಡು ಎಷ್ಟೇ ಚಿಕ್ಕದಿರಲಿ, ಕೆಡವುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು.