ರಾತ್ರಿ ಪಾಳಿಯ ಕೆಲಸವನ್ನು ಜಾವಾ ಸರ್ವರ್‌ಗೆ ಒಪ್ಪಿಸುವುದು ಹೇಗೆ?

ಮಲ್ಲೇಶ್ವರದ ಒಂದು ಪತ್ತಿನ ಸಹಕಾರ ಸಂಘಕ್ಕೆ ನೀವು ಜಾವಾದಲ್ಲಿ ವೆಬ್ ತಂತ್ರಾಂಶ ಬರೆಯುತ್ತಿದ್ದೀರಿ ಎಂದುಕೊಳ್ಳಿ. ದಿನವೂ ರಾತ್ರಿ 2 ಗಂಟೆಗೆ ಬಡ್ಡಿ ಲೆಕ್ಕವಾಗಬೇಕು. ಕಂತು ಬಾಕಿ ಇರುವವರಿಗೆ ಬೆಳಿಗ್ಗೆ 10ಕ್ಕೆ ಎಸ್‌ಎಂಎಸ್ ಹೋಗಬೇಕು. ಯಾರೂ ಗುಂಡಿ ಒತ್ತುವಂತಿರಬಾರದು.

ಮೊದಲು ಸರ್ವರ್ ಯಾವುದೆಂದು ನೋಡಿ. ವೈಲ್ಡ್‌ಫ್ಲೈ, ಪಯಾರಾ, ಗ್ಲಾಸ್‌ಫಿಶ್ ಎಂಬ ಜಾವಾ ಸರ್ವರ್‌ಗಳಲ್ಲಿ ಇಜೆಬಿ ಟೈಮರ್, ಅಂದರೆ ಹೇಳಿದ ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ಸೌಲಭ್ಯ ಇರುತ್ತದೆ. ಕ್ಲಾಸಿಗೆ ಸಿಂಗಲ್‌ಟನ್ ಅನೊಟೇಶನ್ (@ ಚಿಹ್ನೆಯಿಂದ ಶುರುವಾಗುವ ಗುರುತು), ಮೆಥಡ್‌ಗೆ ಸ್ಕೆಡ್ಯೂಲ್ ಅನೊಟೇಶನ್ ಹಾಕಿ ಗಂಟೆ 2 ಎಂದು ಬರೆದರಾಯಿತು. ಗಂಟೆ, ನಿಮಿಷ, ಸೆಕೆಂಡುಗಳಲ್ಲಿ ಯಾವುದನ್ನು ಬಿಟ್ಟರೂ ಅದು ಸೊನ್ನೆ ಎಂದೇ ಲೆಕ್ಕ. ಹಾಗಾಗಿ 10 ನಿಮಿಷಕ್ಕೊಮ್ಮೆ ಓಡಬೇಕಾದ ಕೆಲಸಕ್ಕೆ ಗಂಟೆಯ ಜಾಗದಲ್ಲಿ ನಕ್ಷತ್ರ ಚಿಹ್ನೆ (ಪ್ರತಿ ಗಂಟೆಯೂ ಎಂಬರ್ಥ) ಹಾಕಲೇಬೇಕು. ಇಲ್ಲದಿದ್ದರೆ ಅದು ಮಧ್ಯರಾತ್ರಿ 12ರಿಂದ 1ರವರೆಗೆ ಮಾತ್ರ ಓಡುತ್ತದೆ.

ಟಾಮ್‌ಕ್ಯಾಟ್‌ನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಸರ್ವ್ಲೆಟ್ ಕಾಂಟೆಕ್ಸ್ಟ್ ಲಿಸನರ್ (ತಂತ್ರಾಂಶದ ಆರಂಭ, ನಿಲುಗಡೆಗಳಲ್ಲಿ ಸರ್ವರ್ ಕರೆಯುವ ಕ್ಲಾಸ್) ಬರೆದು, ತಂತ್ರಾಂಶ ಆರಂಭವಾದಾಗ ಶೆಡ್ಯೂಲ್ಡ್ ಎಕ್ಸಿಕ್ಯೂಟರ್ (ಸಮಯಕ್ಕೆ ಸರಿಯಾಗಿ ಕೆಲಸ ಓಡಿಸುವ ಜಾವಾ ಸಾಧನ) ಒಂದನ್ನು ಹುಟ್ಟಿಸಿ, ನಿಲ್ಲುವಾಗ ಶಟ್‌ಡೌನ್ ಮಾಡಿ. ಶಟ್‌ಡೌನ್ ಬಿಟ್ಟರೆ ಹೊಸ ಆವೃತ್ತಿ ಏರಿಸಿದ ಮೇಲೂ ಹಳೆಯ ಥ್ರೆಡ್ (ಹಿನ್ನೆಲೆಯಲ್ಲಿ ಓಡುವ ಕೆಲಸದ ಎಳೆ) ಉಳಿದು, ಒಬ್ಬರಿಗೇ ಎರಡು ಎಸ್‌ಎಂಎಸ್ ಹೋಗಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಎಕ್ಸಿಕ್ಯೂಟರ್‌ನಲ್ಲಿ ಮರುಕಳಿಸುವ ಕೆಲಸವೊಂದು ಒಮ್ಮೆ ಎಕ್ಸೆಪ್ಶನ್ ಎಸೆದರೆ (ಓಡುವಾಗ ದೋಷ ಕಂಡು ಮುರಿದುಬಿದ್ದರೆ) ಮುಂದಿನ ಸರದಿಗಳೆಲ್ಲ ರದ್ದಾಗುತ್ತವೆ. ಸರ್ವರಿನ ದಾಖಲೆಯಾದ ಲಾಗ್‌ನಲ್ಲಿ ಒಂದು ಸಾಲೂ ಬೀಳದಿರಬಹುದು. ತಿಂಗಳ ಕೊನೆಗೆ ಬಡ್ಡಿ ತಾಳೆಯಾಗದೆ ಗುಮಾಸ್ತರು ಪೇಚಾಡುವಾಗಲೇ ವಿಷಯ ಬಯಲಾಗುವುದು. ಆದ್ದರಿಂದ ಇಡೀ ಕೆಲಸವನ್ನು ದೋಷವನ್ನು ಹಿಡಿದುಕೊಳ್ಳುವ ಟ್ರೈ-ಕ್ಯಾಚ್ ಒಳಗಿಡಿ. ಶುರುವಾದದ್ದು, ಮುಗಿದದ್ದು, ಕೆಟ್ಟದ್ದು ಎಲ್ಲವನ್ನೂ ಲಾಗ್‌ಗೆ ಬರೆಯಿರಿ.

ಗಡಿಯಾರದ ಮೇಲೂ ಕಣ್ಣಿರಲಿ. ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 2 ಎಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ 7.30, ಸದಸ್ಯರು ಮೊಬೈಲ್‌ನಲ್ಲಿ ಖಾತೆ ತೆರೆಯುವ ಹೊತ್ತು. ಸ್ಕೆಡ್ಯೂಲ್‌ನಲ್ಲಿ ಏಷ್ಯಾ/ಕೋಲ್ಕತ್ತಾ ಸಮಯವಲಯವನ್ನು ಬಾಯಿಬಿಟ್ಟು ಹೇಳಿ.

ಸರ್ವರ್‌ಗಳು ಎರಡಾದರೆ? ಸಿಂಗಲ್‌ಟನ್ ಎಂಬುದು ಒಂದು ಜೆವಿಎಂಗೆ (ಜಾವಾ ತಂತ್ರಾಂಶ ಓಡಿಸುವ ಪ್ರಕ್ರಿಯೆಗೆ) ಒಂದು, ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪಾದ ಇಡೀ ಕ್ಲಸ್ಟರಿಗೆ ಒಂದಲ್ಲ. ಎರಡೂ ಕಡೆ ಬಡ್ಡಿ ಹಾಕಿದರೆ ಸಾಲಗಾರನ ಗತಿಯೇನು? ಡೇಟಾಬೇಸ್ ನೆರವಿನಿಂದ ಕ್ಲಸ್ಟರ್‌ನಲ್ಲಿ ಓಡುವ ಕ್ವಾರ್ಟ್ಸ್ ಎಂಬ ಜಾವಾ ಲೈಬ್ರರಿ ಬಳಸಬಹುದು. ನನಗೆ ಇನ್ನೂ ಸರಳವಾದ ದಾರಿಯೇ ಇಷ್ಟ: ಕೆಲಸದ ಹೆಸರು ಮತ್ತು ದಿನಾಂಕ ಸೇರಿ ಯುನೀಕ್ ಆಗಿರುವ ಒಂದು ಕೋಷ್ಟಕ ಮಾಡಿ. ಮೊದಲು ಸಾಲು ಸೇರಿಸಿದ ಸರ್ವರ್ ಲೆಕ್ಕ ಮಾಡಲಿ, ಇನ್ನೊಂದು ಸುಮ್ಮನೆ ಹಿಂದಿರುಗಲಿ. ಸಾಲು ಸೇರಿಸುವುದೂ ಬಡ್ಡಿ ಹಾಕುವುದೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ. ನಡುವೆ ಕೆಟ್ಟರೆ ಎರಡೂ ಅಳಿದು, ಮತ್ತೆ ಓಡಿಸಲು ದಾರಿ ಉಳಿಯುತ್ತದೆ. ಎಸ್‌ಎಂಎಸ್ ಮಾತ್ರ ಕಳಿಸಿದ ಮೇಲೆ ವಾಪಸ್ ಬಾರದು. ಅದನ್ನು ಬೇರೆ ಕೆಲಸವಾಗಿಯೇ ಇಟ್ಟು, ಯಾರಿಗೆ ಹೋಯಿತೆಂದು ಸದಸ್ಯರ ಹೆಸರಿನ ಮುಂದೆ ಒಬ್ಬೊಬ್ಬರಿಗೂ ಗುರುತು ಹಾಕುತ್ತ ಹೋಗಿ.