ಘಟ್ಟದ ಜೇಕಿಗೆ ಹೆಸರಿಡುವ ಮೊದಲು ಅದರ ಚೀಲ ಬಿಚ್ಚಿ

ಕುದುರೆಮುಖ ಹತ್ತಿ ಮಂಗಳೂರಿಗೆ ಇಳಿದ ಗೆಳೆಯರು ಮೊದಲು ಕಳಿಸುವುದು ಫೋಟೊ. ಅದರ ತುಂಬ ಬರೀ ಎಲೆ. ‘ಇದು ಯಾವ ಹುಲ್ಲು?’ ಎಷ್ಟೋ ಸಲ ಅದು ಹುಲ್ಲಲ್ಲ, ಹುಲ್ಲಿನಂತೆ ಕಾಣುವ ಬೇರೆ ಕುಟುಂಬದ ಗಿಡ, ಜೇಕು. ಎಲೆ ನೋಡಿ ಜೇಕಿನ ಹೆಸರು ಹೇಳುವುದೆಂದರೆ ಸಾರಿನ ಬಣ್ಣ ನೋಡಿ ಉಪ್ಪು ಹೇಳಿದ ಹಾಗೆ.

ಹುಲ್ಲೋ ಜೇಕೋ ಎಂಬುದು ಸುಲಭ. ದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ತಾಗಬೇಕು, ನಡುವೆ ಗೆಣ್ಣು ಇರಬಾರದು, ಎಲೆಯ ಬುಡ ಸೀಳಿಲ್ಲದ ಕೊಳವೆಯಾಗಿ ದಂಟನ್ನು ಸುತ್ತಿರಬೇಕು. ದುಂಡು ದಂಟಿನ ಜೇಕುಗಳೂ ಇವೆ, ಹಾಗಾಗಿ ಮೂರನ್ನೂ ನೋಡಿ. ಅಂಗಳದ ಕೊನ್ನಾರಿ ಗಡ್ಡೆಯೂ ಇದೇ ಕುಟುಂಬ. ಮೊದಲು ಅದರಲ್ಲೇ ಕೈ ಪಳಗಲಿ.

ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಳೆಯನ್ನೂ ಕೀಳಬೇಡಿ. ಅನುಮತಿ ಇದ್ದರೆ ಬೇರು ಸಮೇತ ತೆಗೆಯಿರಿ. ಕಾಯಿ ಬಲಿತಿರಬೇಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕೊನ್ನಾರಿಯ ಕುಲ ಸೈಪರಸ್. ಅದರ ಪುಟ್ಟ ಕಾಯಿ ಪೊರೆಯ ಮರೆಯಲ್ಲಿ ಬರಿದಾಗಿ ಕೂತಿರುತ್ತದೆ. ಜೇಕಿನ ಇನ್ನೊಂದು ಕುಲವಾದ ಕೇರೆಕ್ಸ್‌ನಲ್ಲಿ ಹಾಗಲ್ಲ. ಇಲ್ಲಿ ಕಾಯಿ ಒಂದು ಮುಚ್ಚಿದ ಚೀಲದೊಳಗೆ ಇರುತ್ತದೆ. ಜಗತ್ತಿನಲ್ಲಿ ಸುಮಾರು 2,000 ಕೇರೆಕ್ಸ್ ಪ್ರಭೇದಗಳಿವೆ. ಅವುಗಳ ಗುರುತು ಬಹಳಷ್ಟು ಈ ಚೀಲದಲ್ಲೇ ಇದೆ. ತೆನೆಯ ನಡುಭಾಗದಿಂದ ಹತ್ತು ಚೀಲ ಆರಿಸಿ. ತುದಿಯದು ಬೇಡ, ಅಲ್ಲಿ ಗಂಡು ಹೂವೇ ಇರಬಹುದು. ನಾನೊಮ್ಮೆ ಗಂಡು ಹೂವಿನ ಪೊರೆಯನ್ನೇ ಚೀಲ ಅಂದುಕೊಂಡು ಒಂದು ಸಂಜೆ ಪೂರ್ತಿ ಕೆದಕಿದ್ದೇನೆ! ಒಣಗಿದ್ದರೆ ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ನೆನೆಸಿ. ಗ್ರಾಫ್ ಹಾಳೆಯ ಮೇಲಿಟ್ಟು ಉದ್ದ ಅಳೆಯಿರಿ. ಮೇಲ್ಮೈಯಲ್ಲಿ ರೋಮ ಇದೆಯಾ? ನರ ಎದ್ದು ಕಾಣುತ್ತದಾ? ಚೀಲದ ತುದಿಯ ಕೊಕ್ಕು ಎಷ್ಟುದ್ದ, ನೆಟ್ಟಗೋ ಬಾಗಿದೆಯೋ? ಎಲ್ಲ ಬರೆದಿಟ್ಟ ಮೇಲೆ ಸೂಜಿಯಿಂದ ಚೀಲ ಸೀಳಿ. ಒಳಗಿನ ಕಾಯಿ ಮಸೂರ ಬೇಳೆಯಂತೆ ಚಪ್ಪಟೆಯಾಗಿದ್ದರೆ ಹೂವಿನ ತುದಿಯಲ್ಲಿ ಸಾಮಾನ್ಯವಾಗಿ ಎರಡು ಎಳೆ, ಮೂರು ಮೂಲೆಯದಾದರೆ ಮೂರು. ಎಳೆಗಳು ಬಲಿತಾಗ ಉದುರಿಹೋಗುತ್ತವೆ. ಆಗ ಕಾಯಿಯೇ ಸಾಕ್ಷಿ.

ಇದಕ್ಕೆ 10 ಪಟ್ಟಿನ ಗಾಜಿನ ಲೆನ್ಸ್ ಸಾಕು. ಲೈಟ್ ಇರುವ 60 ಪಟ್ಟಿನ ಪ್ಲಾಸ್ಟಿಕ್ ಲೆನ್ಸಿಗೆ ದುಡ್ಡು ಸುಡಬೇಡಿ, ಅಂಚೆಲ್ಲ ಮಸುಕು. ಮೊಬೈಲ್ ಆ್ಯಪ್ ಕುಲದವರೆಗೆ ಕರೆದೊಯ್ದರೆ ಅದೇ ಜಾಸ್ತಿ.

ಕೆಲವು ಮಾತ್ರ ದೂರದಿಂದಲೇ ಹೆಸರು ಹೇಳುತ್ತವೆ. ನೀಲಗಿರಿಯಲ್ಲೂ ಬೆಳೆಯುವ ಕೇರೆಕ್ಸ್ ಬಾಕ್ಕನ್ಸ್‌ನ ಬಲಿತ ಚೀಲ ಕೆಂಪು ಹಣ್ಣಿನ ಹಾಗೆ ಹೊಳೆಯುತ್ತದೆ. ಅಂಥ ಅದೃಷ್ಟ ಸುಮ್ನೆ ಸಿಗೋದಿಲ್ಲ.

ಒಣಗಿಸುವಾಗ ನಮ್ಮ ಕರಾವಳಿಯ ತೇವ ಮರೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಬೂಸ್ಟು ಗ್ಯಾರಂಟಿ. ಹಳೆ ಪೇಪರಿನ ನಡುವೆ ಒತ್ತಿ, ದಿನಾ ಪೇಪರ್ ಬದಲಿಸಿ. ಚೀಟಿಯಲ್ಲಿ ಜಾಗ, ಎತ್ತರ, ತಾರೀಕು ಬರೆಯಿರಿ. ಪ್ರಭೇದ ಖಚಿತವಾಗದಿದ್ದರೆ ‘ಕೇರೆಕ್ಸ್’ ಅಂತಷ್ಟೇ ಬರೆದು, ಮುಂದೆ ಖಾಲಿ ಜಾಗ ಬಿಡಿ.